ಸೀಟು ಇಲ್ಲ ಎಂದ ಮೇಲೆ: ಪ್ರವೇಶ ನಿರಾಕರಣೆಯನ್ನು ಪ್ರಶ್ನಿಸುವ ದಾರಿ

ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಿನಗೂಲಿಯೊಬ್ಬರ ಮಗನಿಗೆ 2024ರಲ್ಲಿ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತು. ಅದನ್ನು ಉಳಿಸಿಕೊಳ್ಳಲು ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ಹಣ ಹೊಂದಿಸುವಷ್ಟರಲ್ಲಿ ಗಡುವು ಮುಗಿದು ಪೋರ್ಟಲ್ ಮುಚ್ಚಿತು, ಸೀಟು ಹೋಯಿತು. ಹುಡುಗ ಸುಮ್ಮನೆ ಕೂರಲಿಲ್ಲ. ಪರಿಶಿಷ್ಟ ಜಾತಿಗಳ ಆಯೋಗ, ಜಾರ್ಖಂಡ್‌ನ ಕಾನೂನು ಸೇವೆಗಳ ಪ್ರಾಧಿಕಾರ, ಮದ್ರಾಸ್ ಹೈಕೋರ್ಟ್ ಎಂದು ಬಾಗಿಲು ತಟ್ಟುತ್ತಾ ಕೊನೆಗೆ ಸುಪ್ರೀಂ ಕೋರ್ಟ್ ತಲುಪಿದ. ಸೆಪ್ಟೆಂಬರ್ 30ರಂದು ನ್ಯಾಯಾಲಯ ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ, ಬೇರೆ ಯಾರ ಸೀಟಿಗೂ ಧಕ್ಕೆ ಬಾರದಂತೆ ಹೆಚ್ಚುವರಿ ಸೀಟು ಕೊಟ್ಟು ಅವನನ್ನು ಸೇರಿಸಿಕೊಳ್ಳಿ ಎಂದಿತು.

ಇದನ್ನು ಓದಿ ‘ಕೋರ್ಟಿಗೆ ಹೋದರೆ ಸೀಟು ಸಿಗುತ್ತದೆ’ ಎಂದುಕೊಂಡರೆ ಮೋಸ ಹೋಗುತ್ತೀರಿ. 142ನೇ ವಿಧಿಯ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇರುವಂಥದ್ದು. ಕುಲಸಚಿವರಿಗಿಲ್ಲ, ಕುಲಪತಿಗಳಿಗಿಲ್ಲ, ಹೈಕೋರ್ಟಿಗೂ ಇಲ್ಲ. ಈ ಪ್ರಕರಣದಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಹುಡುಗ ಜಾಣನೇ ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಅದನ್ನು ರ‍್ಯಾಂಕ್ ಪಟ್ಟಿ ಮೊದಲೇ ತೀರ್ಮಾನಿಸಿತ್ತು. ಪ್ರಶ್ನೆ ಇದ್ದದ್ದು ಸೀಟು ಕೈತಪ್ಪಿದ ರೀತಿಯ ಬಗ್ಗೆ. ಮತ್ತೊಂದು, ಅವನು ತಡ ಮಾಡಲಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ಟಪಾಲು ವಿಭಾಗಕ್ಕೆ ಪ್ರವೇಶಾತಿ ಕಾಲದಲ್ಲಿ ಬರುವ ಮನವಿಗಳಲ್ಲಿ ಸಾಮಾನ್ಯವಾಗಿ ಇರುವುದು ಬಡತನ, ಶ್ರಮ, ಬಾಲ್ಯದ ಕನಸು. ಅವೆಲ್ಲ ನಿಜವೇ ಇರಬಹುದು. ಆದರೆ ಓದುವ ಅಧಿಕಾರಿಗೆ ಅದರ ಮೇಲೆ ಆದೇಶ ಬರೆಯಲು ಬರುವುದಿಲ್ಲ. ‘ನೀವೇ ಪ್ರಕಟಿಸಿದ ಅಧಿಸೂಚನೆಯ ಇಂಥ ಕಂಡಿಕೆಯನ್ನು ನನ್ನ ವಿಷಯದಲ್ಲಿ ಪಾಲಿಸಿಲ್ಲ’ ಎಂದು ಬರೆದುಕೊಟ್ಟರೆ ಅವರು ಕಡತ ತೆರೆದು ನೋಡಲೇಬೇಕಾಗುತ್ತದೆ. ಇಡೀ ಮೇಲ್ಮನವಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಹಾಗಾಗಿ ಮೊದಲು ತಿಳಿಯಬೇಕಾದದ್ದು, ‘ಇಲ್ಲ’ ಎಂದದ್ದು ಯಾವ ಕಾರಣಕ್ಕೆ? ಅಂಕ ಕಡಿಮೆಯಾಗಿ ಕಟಾಫ್ ದಾಟದಿದ್ದರೆ ಒಂದು ಮಾತು. ಅರ್ಹತೆಯೇ ಇಲ್ಲವೆಂದು ಅರ್ಜಿ ತಿರಸ್ಕೃತವಾಗಿದ್ದರೆ ಇನ್ನೊಂದು. ಮೀಸಲಾತಿಯ ಕೋರಿಕೆ ಒಪ್ಪದೆ ಸಾಮಾನ್ಯ ವರ್ಗಕ್ಕೆ ತಳ್ಳಿದ್ದರೆ, ಶುಲ್ಕ ಕಟ್ಟುವಾಗ ಪೋರ್ಟಲ್ ಕೈಕೊಟ್ಟಿದ್ದರೆ, ನಿಯಮವೇ ಅನ್ಯಾಯದ್ದಾಗಿದ್ದರೆ, ಒಂದೊಂದಕ್ಕೂ ಬೇರೆ ಬೇರೆ ದಾರಿ. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ಕಾರಣವಲ್ಲ. ಕಾರಣ ಬರೆದಿರದಿದ್ದರೆ ಮೊದಲ ಪತ್ರದಲ್ಲೇ ಅದನ್ನು ಕೇಳಿ ಪಡೆಯಬೇಕು.

ಪ್ರಮಾಣಪತ್ರದ ಕಗ್ಗಂಟು

ಗೆಲ್ಲಬಹುದಾದ ತಕರಾರುಗಳು ಹೆಚ್ಚಾಗಿ ಹುಟ್ಟುವುದು ದಾಖಲೆಗಳಲ್ಲಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ ಎಫ್. ತಹಶೀಲ್ದಾರರು ಕೊಡುವ ಈ ಪತ್ರಗಳ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ವಿಶ್ವವಿದ್ಯಾಲಯಗಳೂ ಅದನ್ನು ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ತಾಳೆ ನೋಡುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಜಾತಿ ಪತ್ರದಲ್ಲಿ ಎರಡು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು: ಇಷ್ಟು ಸಾಕು, ಕೋರಿಕೆ ಬಿದ್ದುಹೋಗಲು. ನಮೂನೆ ಎಫ್‌ಗೆ ಅವಧಿ ಇದೆ. ಹಳೆಯ ಪತ್ರವನ್ನೇ ಅಪ್‌ಲೋಡ್ ಮಾಡಿ ಸಿಕ್ಕಿಬೀಳುವವರು ಪ್ರತಿ ವರ್ಷ ಇರುತ್ತಾರೆ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗಿನ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ನಡುವೆ ಒಂದೇ ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಕೋರಿಕೆ ನಿಲ್ಲದು. ಅಲ್ಲಿ ಮೇಲ್ಮನವಿ ಬರೆದು ಕಾಲ ಕಳೆಯಬೇಡಿ. ಆದರೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿ, ಪತ್ರದಲ್ಲಿ ಒಂದು ತರಗತಿಯ ಸಾಲು ಬಿಟ್ಟುಹೋಗಿದ್ದರೆ ಮಾತು ಬೇರೆ. ಬೀದರಿನಿಂದ ವಿಜಯನಗರದವರೆಗಿನ ಏಳು ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ತಹಶೀಲ್ದಾರರ ಕಚೇರಿಯ ಸಾಲಿನಲ್ಲಿ ನಿಂತು ದಿನ ಕಳೆದರೆ ಉಪಯೋಗವಿಲ್ಲ.

ಇನ್ನೊಂದು ಸಿಕ್ಕು ಕೇಂದ್ರೀಯ ಸಂಸ್ಥೆಗಳದ್ದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾಗಲಿ ಎನ್‌ಐಟಿಗಾಗಲಿ ಅರ್ಜಿ ಹಾಕುವಾಗ ರಾಜ್ಯದ ನಮೂನೆ ಎಫ್ ನಡೆಯುವುದಿಲ್ಲ. ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂಬ ಒಬಿಸಿ ಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ ಎಂಬುದನ್ನು ಮೊದಲೇ ನೋಡಿಕೊಳ್ಳದೆ, ಸೀಟು ಸಿಕ್ಕ ಮೇಲೆ ಪರಿಶೀಲನೆಯಲ್ಲಿ ಕಳೆದುಕೊಂಡವರ ಸಂಕಟಕ್ಕೆ ಪರಿಹಾರ ಇಲ್ಲ.

ತಹಶೀಲ್ದಾರರೇ ಜಾತಿ ಪತ್ರ ಕೊಡಲು ನಿರಾಕರಿಸಿದ್ದರೆ ವಿಶ್ವವಿದ್ಯಾಲಯದ ಮೇಲೆ ಸಿಟ್ಟಾಗಿ ಫಲವಿಲ್ಲ. 1990ರ ಕರ್ನಾಟಕದ ಮೀಸಲಾತಿ ಕಾಯ್ದೆಯಡಿ ಅದರ ಮೇಲ್ಮನವಿ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಹೋಗಬೇಕು. ‘ಜಾತಿ ಹುಟ್ಟಿನಿಂದ ಬಂದದ್ದು, ಪತ್ರ ತಡವಾದರೇನು’ ಎಂಬ ವಾದವನ್ನು 2016ರಲ್ಲಿ ದೆಹಲಿಯ ನೇಮಕಾತಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದುಂಟು. ಆದರೆ 2023ರಲ್ಲಿ ಯುಪಿಎಸ್‌ಸಿಯ ಇಡಬ್ಲ್ಯುಎಸ್ ಅಭ್ಯರ್ಥಿಗಳ ವಿಷಯದಲ್ಲಿ ಅದೇ ನ್ಯಾಯಾಲಯ ಕೊನೆಯ ದಿನಾಂಕವನ್ನು ಬಿಗಿಯಾಗಿಯೇ ಹಿಡಿಯಿತು. ಹಳೆಯ ತೀರ್ಪನ್ನು ನಂಬಿ ಹೊಸ ಪತ್ರ ಮಾಡಿಸದೆ ಕೂರುವುದು ಜಾಣತನವಲ್ಲ.

ತಾತ್ಕಾಲಿಕ ಪಟ್ಟಿ ಎಂಬ ಅಗ್ಗದ ಅವಕಾಶ

ಸ್ನಾತಕೋತ್ತರ ಪ್ರವೇಶದಲ್ಲಿ ವಿಶ್ವವಿದ್ಯಾಲಯಗಳು ಮೊದಲು ತಾತ್ಕಾಲಿಕ ಮೆರಿಟ್ ಪಟ್ಟಿ ಹಾಕಿ, ಆಕ್ಷೇಪಣೆಗೆ ಕೆಲವೇ ದಿನ ಕೊಟ್ಟು, ಆಮೇಲೆ ಅಂತಿಮ ಪಟ್ಟಿ ಪ್ರಕಟಿಸುತ್ತವೆ. ಸಿಇಟಿಯಲ್ಲಿ ತಾತ್ಕಾಲಿಕ ಕೀ ಉತ್ತರ, ಅಣಕು ಹಂಚಿಕೆ ಎಂಬ ಹಂತಗಳಿವೆ. ವಕೀಲರಿಲ್ಲದೆ, ಅಲೆದಾಟವಿಲ್ಲದೆ ತಪ್ಪು ಸರಿಪಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಮುಂದೆ ಸಿಗುವುದಿಲ್ಲ. ಅಂತಿಮ ಪಟ್ಟಿ ಬಂದು ಇನ್ನೊಬ್ಬರು ಸೀಟು ಪಡೆದ ಮೇಲೆ ನಿಮ್ಮ ತಕರಾರು ಬರೀ ತಿದ್ದುಪಡಿಯಾಗಿ ಉಳಿಯುವುದಿಲ್ಲ, ಅವರ ಹಕ್ಕಿನ ಪ್ರಶ್ನೆಯೂ ಆಗುತ್ತದೆ. ಆಕ್ಷೇಪಣೆಯ ಅವಧಿಯಲ್ಲಿ ಏಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಎಲ್ಲಿ ಹೋದರೂ ಬೆನ್ನು ಹತ್ತಿ ಬರುತ್ತದೆ.

ಆಕ್ಷೇಪಣೆಗೆ ಬೆಲೆ ಇದೆ ಎಂಬುದಕ್ಕೆ 2024ರ ಸಿಇಟಿಯೇ ಸಾಕ್ಷಿ. ಏಪ್ರಿಲ್‌ನಲ್ಲಿ ನಡೆದ ಆ ಪರೀಕ್ಷೆಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳ ಪ್ರಶ್ನೆಗಳು ನುಸುಳಿದ್ದವು. ವಿದ್ಯಾರ್ಥಿಗಳೂ ಉಪನ್ಯಾಸಕರೂ ಪ್ರಶ್ನೆ ಪ್ರಶ್ನೆಯನ್ನು ಹೆಕ್ಕಿ ತೋರಿಸಿದ ಮೇಲೆ ಸರ್ಕಾರ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಹೊರಗಿಟ್ಟಿತು.

ಉತ್ತರ ಸರಿಯೇ ತಪ್ಪೇ ಎಂಬ ಜಗಳಕ್ಕೆ ನ್ಯಾಯಾಲಯಗಳು ಸುಲಭವಾಗಿ ಇಳಿಯುವುದಿಲ್ಲ. ಕೀ ಉತ್ತರದ ಬಗ್ಗೆ ಸಂದೇಹವಿದ್ದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದ್ದು ಕಾಣುವ ತಪ್ಪಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಾನೂನು ಪದವಿಯ 2025ರ ಪ್ರವೇಶಕ್ಕೆ ನಡೆದ ಕ್ಲಾಟ್ ಪರೀಕ್ಷೆಯ ಕೀ ಉತ್ತರಗಳಲ್ಲಿ ಅಂಥ ತಪ್ಪುಗಳನ್ನು ಗುರುತಿಸಿ ದೆಹಲಿ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಿದ್ದಿಸಿದವು.

ಸಂದರ್ಶನದ ಅಂಕ ಪ್ರಶ್ನಿಸುವುದು ಇನ್ನೂ ಕಷ್ಟ. ಪಿಎಚ್‌ಡಿ ಪ್ರವೇಶದಲ್ಲಿ ಯುಜಿಸಿಯ 2022ರ ನಿಯಮದಂತೆ ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ನಿಮ್ಮ ಸಂಶೋಧನಾ ಪ್ರಸ್ತಾವ ಚೆನ್ನಾಗಿತ್ತೇ ಎಂಬುದನ್ನು ಯಾವ ಮೇಲಿನ ಅಧಿಕಾರಿಯೂ ಮತ್ತೆ ತೂಗುವುದಿಲ್ಲ. ಈ 70-30ರ ಲೆಕ್ಕ ತಪ್ಪಿತೇ, ಮಂಡಳಿಯಲ್ಲಿ ಅಭ್ಯರ್ಥಿಯೊಬ್ಬರ ಸಂಬಂಧಿ ಕೂತಿದ್ದರೇ, ಮೀಸಲಾತಿಯ ರೋಸ್ಟರ್ ಪಾಲನೆಯಾಯಿತೇ, ಮಾರ್ಗದರ್ಶಕರ ಬಳಿ ಖಾಲಿ ಇದೆ ಎಂದು ಅಧಿಸೂಚನೆಯಲ್ಲಿದ್ದ ಸ್ಥಾನ ಆಮೇಲೆ ಎಲ್ಲಿ ಮಾಯವಾಯಿತು? ಇವನ್ನು ಕೇಳಬಹುದು, ಕೇಳಲೂ ಬೇಕು. ಸಂಶೋಧನಾ ಪ್ರವೇಶದಲ್ಲಿ ನಡೆಯುವ ಒಳಗೊಳಗಿನ ಹೊಂದಾಣಿಕೆಗಳು ಎಲ್ಲರಿಗೂ ಗೊತ್ತು. ಬರಹದಲ್ಲಿ ಕೇಳುವವರು ಕಡಿಮೆ.

ದಾಖಲೆ ಬೇಕಾದರೆ ಮಾಹಿತಿ ಹಕ್ಕು ಇದೆ. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದು 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ತೀರ್ಮಾನವಾಗಿದೆ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದರೆ ಉತ್ತರಕ್ಕೆ 30 ದಿನದ ಕಾಲಾವಕಾಶವಿದೆ. ಅಷ್ಟರಲ್ಲಿ ಮೂರು ಸುತ್ತಿನ ಹಂಚಿಕೆ ಮುಗಿದಿರುತ್ತದೆ. ಆದ್ದರಿಂದ ಮಾಹಿತಿ ಬಂದ ಮೇಲೆ ಮನವಿ ಕೊಡೋಣ ಎಂದು ಕಾಯಬಾರದು. ಎರಡನ್ನೂ ಒಂದೇ ದಿನ ಸಲ್ಲಿಸಿ.

ಮನವಿ ಬರೆಯುವ ಬಗೆ

ಒಂದು ಪುಟ ಸಾಕು. ಕುಲಸಚಿವರಿಗೆ ಬರೆದು, ವಿಭಾಗದ ಮುಖ್ಯಸ್ಥರಿಗೂ ಪ್ರವೇಶ ಸಮಿತಿಯ ಅಧ್ಯಕ್ಷರಿಗೂ ಪ್ರತಿ ಕೊಡಿ. ಒಕ್ಕಣೆ ಹೀಗಿರಬಹುದು:

‘ಮಾನ್ಯರೇ, ಈ ಸಾಲಿನ ಎಂ.ಎಸ್ಸಿ. ರಸಾಯನಶಾಸ್ತ್ರ ಪ್ರವೇಶಕ್ಕೆ ಅರ್ಜಿ ಸಲ್ಲಿಸಿದ್ದೇನೆ. ನಿನ್ನೆ ಪ್ರಕಟವಾದ ತಾತ್ಕಾಲಿಕ ಪಟ್ಟಿಯಲ್ಲಿ ನನ್ನನ್ನು 2ಎ ಬದಲು ಸಾಮಾನ್ಯ ವರ್ಗದಲ್ಲಿ ತೋರಿಸಲಾಗಿದೆ. ಪ್ರವೇಶ ಅಧಿಸೂಚನೆಯಲ್ಲಿ ಕೇಳಿದ್ದ ನಮೂನೆ ಎಫ್ ಪ್ರಮಾಣಪತ್ರವನ್ನು ಕೊನೆಯ ದಿನಾಂಕಕ್ಕೆ ಮೊದಲೇ ಅಪ್‌ಲೋಡ್ ಮಾಡಿದ್ದು, ಅದರ ಸ್ವೀಕೃತಿಯ ಪ್ರತಿಯನ್ನು ಅಡಕ 1ರಲ್ಲಿ ಲಗತ್ತಿಸಿದೆ. ನನ್ನ ಪ್ರವರ್ಗವನ್ನು ಸರಿಪಡಿಸಿ, ಮುಂದಿನ ಸುತ್ತಿನ ಹಂಚಿಕೆಗೆ ಮೊದಲು ತೀರ್ಮಾನಿಸಬೇಕೆಂದೂ ಕೋರಿಕೆ ಒಪ್ಪದಿದ್ದಲ್ಲಿ ಕಾರಣಸಹಿತ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇನೆ.’

ಅರ್ಜಿ ಸಂಖ್ಯೆ, ದಿನಾಂಕ, ಆರ್‌ಡಿ ಸಂಖ್ಯೆ, ಅಧಿಸೂಚನೆಯ ಕಂಡಿಕೆಯ ಸಂಖ್ಯೆಗಳನ್ನು ಅವುಗಳ ಜಾಗದಲ್ಲಿ ತುಂಬಿಸಿ. ಏನಾಯಿತು, ನಿಯಮ ಏನು ಹೇಳುತ್ತದೆ, ಪುರಾವೆ ಯಾವುದು, ಏನು ಮಾಡಬೇಕು, ಯಾವ ದಿನದೊಳಗೆ: ಐದೂ ಇದರಲ್ಲಿವೆ. ಕೊನೆಯ ವಾಕ್ಯದ ಬೆಲೆ ದೊಡ್ಡದು. ಕಾರಣಸಹಿತ ಉತ್ತರ ಕೈಗೆ ಬಂದರೆ ಮುಂದಿನ ಹಂತದಲ್ಲಿ ಪ್ರಶ್ನಿಸಲು ಒಂದು ದಾಖಲೆ ಸಿಕ್ಕಂತೆ; ಬಾರದಿದ್ದರೆ ಉತ್ತರ ಕೊಡಲಿಲ್ಲ ಎಂಬುದೇ ದೂರು.

ಟಪಾಲಿನಲ್ಲಿ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ. ‘ಇಟ್ಟು ಹೋಗಿ, ಸಾಹೇಬರಿಗೆ ಹೇಳ್ತೀನಿ’ ಎಂಬ ಸೌಜನ್ಯಕ್ಕೆ ಸೋತವರ ಕೈಯಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ. ಇಮೇಲ್ ಕೂಡ ಮಾಡಿ. ಪೋರ್ಟಲ್ ಕೈಕೊಟ್ಟ ಸಂದರ್ಭವಾದರೆ ಆ ಕ್ಷಣದ ಸ್ಕ್ರೀನ್‌ಶಾಟ್, ಬ್ಯಾಂಕಿನಿಂದ ಹಣ ಕಡಿತವಾದ ಅಥವಾ ವ್ಯವಹಾರ ವಿಫಲವಾದ ಸಂದೇಶಗಳೇ ಜೀವಾಳ. 2021ರಲ್ಲಿ ಕಾರ್ಡ್ ಪಾವತಿ ವಿಫಲವಾಗಿ ಐಐಟಿ ಬಾಂಬೆಯ ಸೀಟು ಕಳೆದುಕೊಂಡ ದಲಿತ ವಿದ್ಯಾರ್ಥಿಗೆ ಸುಪ್ರೀಂ ಕೋರ್ಟ್ ಸೀಟು ಕೊಡಿಸಿದಾಗ, ಅವನು ಹಣ ಕಟ್ಟಲು ಮತ್ತೆ ಮತ್ತೆ ಯತ್ನಿಸಿದ್ದು ಅವನ ಪರವಾಗಿ ನಿಂತಿತು.

ಸಮಿತಿ, ಲೋಕಪಾಲ, ಮತ್ತು ಅವರ ವ್ಯಾಪ್ತಿಯ ಹೊರಗೆ

ಕುಲಸಚಿವರ ಕಚೇರಿ ಕದಲದಿದ್ದರೆ ಮುಂದಿನ ಮೆಟ್ಟಿಲು ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿಯಲ್ಲಿದೆ. ಅನೇಕರಿಗೆ ಗೊತ್ತಿಲ್ಲದ ಸಂಗತಿ: ಇದರಲ್ಲಿ ‘ವಿದ್ಯಾರ್ಥಿ’ ಎಂದರೆ ಸೇರಿದವರಷ್ಟೇ ಅಲ್ಲ, ಪ್ರವೇಶ ಕೋರಿದವರೂ ಹೌದು. ಪ್ರಕಟಿತ ಪ್ರವೇಶ ನೀತಿಗೆ ವಿರುದ್ಧವಾಗಿ ಪ್ರವೇಶ ನಿರಾಕರಿಸುವುದು, ಮೆರಿಟ್ ಮೀರಿ ಇನ್ನೊಬ್ಬರಿಗೆ ಕೊಡುವುದು, ಮೀಸಲಾತಿ ಉಲ್ಲಂಘನೆ, ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವುದು, ಎಲ್ಲವೂ ಕುಂದುಕೊರತೆಯ ಪಟ್ಟಿಯಲ್ಲಿವೆ. ಇಂಥ ದೂರು ಕೇಳುವ ಕುಂದುಕೊರತೆ ಪರಿಹಾರ ಸಮಿತಿಯಲ್ಲಿ ಮಹಿಳೆಯೊಬ್ಬರು, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರೊಬ್ಬರು ಇರಲೇಬೇಕು. ಸ್ವತಃ ಹಾಜರಾಗಬಹುದು, ಪ್ರತಿನಿಧಿಯನ್ನೂ ಕಳಿಸಬಹುದು. ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಲೋಕಪಾಲರಿಗೆ ಮೇಲ್ಮನವಿ. ಅವರು ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಾಗಿರುತ್ತಾರೆ. 30 ದಿನದಲ್ಲಿ ಇತ್ಯರ್ಥ ಮಾಡಬೇಕು. ಅವರ ಮಾತನ್ನು ವಿಶ್ವವಿದ್ಯಾಲಯ ಪಾಲಿಸದಿದ್ದರೆ ಯುಜಿಸಿಗೆ ವರದಿ ಹೋಗುತ್ತದೆ.

ಕಾಗದದ ಮೇಲೆ ಚೆಂದವಾಗಿದೆ. ಆದರೆ ಲೋಕಪಾಲರನ್ನು ನೇಮಿಸದ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಯುಜಿಸಿ 2024ರಲ್ಲಿ ಪ್ರಕಟಿಸಬೇಕಾಯಿತು. ಎರಡು ಹಂತದ ಅವಧಿ ಕೂಡಿಸಿದರೆ ಎರಡು ತಿಂಗಳಾಗುತ್ತದೆ, ಪ್ರವೇಶದ ಕೊನೆಯ ದಿನ ಅಲ್ಲಿಯವರೆಗೆ ಕಾಯುವುದಿಲ್ಲ. ಆದರೂ ಈ ದೂರು ದಾಖಲಿಸಿರುವುದು ಒಳ್ಳೆಯದು. ಕೈಯಲ್ಲಿದ್ದ ಪರಿಹಾರ ಬಿಟ್ಟು ನೇರ ಇಲ್ಲಿಗೇಕೆ ಬಂದಿರಿ ಎಂದು ಹೈಕೋರ್ಟ್ ಕೇಳಿದರೆ ಉತ್ತರ ಇರುತ್ತದೆ.

ಈ ವ್ಯವಸ್ಥೆಗೆ ಎಲ್ಲರೂ ಒಳಪಡುವುದಿಲ್ಲ. ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಿಶ್ವವಿದ್ಯಾಲಯವಲ್ಲ. ಅಲ್ಲಿ ಮನವಿ ಕಾರ್ಯನಿರ್ವಾಹಕ ನಿರ್ದೇಶಕರಿಗೆ, ಪ್ರತಿ ಉನ್ನತ ಶಿಕ್ಷಣ ಇಲಾಖೆಗೆ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದ ಗೋಲ್‌ಮಾಲುಗಳಿಗೆ 2006ರ ರಾಜ್ಯ ಕಾಯ್ದೆಯಡಿ ಪ್ರವೇಶ ಮೇಲುಸ್ತುವಾರಿ ಸಮಿತಿ ಇದೆ. ಐಐಟಿ, ಎನ್‌ಐಟಿಗಳದ್ದು ಬೇರೆಯೇ ಲೋಕ. ಗ್ರಾಹಕರ ವೇದಿಕೆಗೆ ಹೋಗೋಣವೆಂದು ಸಲಹೆ ಕೊಡುವವರಿದ್ದಾರೆ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯ ಅರ್ಥದಲ್ಲಿ ಸೇವೆ ಮಾರುವವರಲ್ಲ ಎಂದು ಸುಪ್ರೀಂ ಕೋರ್ಟ್ 2010 ಮತ್ತು 2012ರಲ್ಲಿ ಹೇಳಿರುವುದರಿಂದ ಆ ದಾರಿ ಸೀಟಿನತ್ತ ಹೋಗುವುದು ಕಷ್ಟ.

ನಿಯಮವೇ ತಪ್ಪಿದಾಗ

ಕೆಲವೊಮ್ಮೆ ಗುಮಾಸ್ತರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ನಿಯಮ ಪಾಲಿಸಿರುತ್ತಾರೆ, ಅನ್ಯಾಯ ಇರುವುದು ನಿಯಮದಲ್ಲೇ. 2022ರ ಸಿಇಟಿ ಹಾಗಾಯಿತು. ಕೋವಿಡ್ ಕಾರಣದಿಂದ 2020-21ರ ಪಿಯು ವಿದ್ಯಾರ್ಥಿಗಳು ಪರೀಕ್ಷೆ ಬರೆಯದೆ ತೇರ್ಗಡೆಯಾಗಿದ್ದರು. ಅವರಲ್ಲಿ ಮರುವರ್ಷ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ಮಂದಿಗೆ ಪಿಯು ಅಂಕದ ಶೇ 50 ತೂಕವನ್ನು ಕೊಡುವುದಿಲ್ಲ ಎಂದು ಪ್ರಾಧಿಕಾರ ತೀರ್ಮಾನಿಸಿತು. ಸಿಇಟಿಯಲ್ಲಿ ಒಳ್ಳೆಯ ಅಂಕ ಬಂದವರೂ ಪಾತಾಳದ ರ‍್ಯಾಂಕ್ ಕಂಡರು. ಒಬ್ಬೊಬ್ಬರೇ ಮನವಿ ಬರೆದಿದ್ದರೆ ಕೆಳಗಿನ ಅಧಿಕಾರಿಗೆ ಅದನ್ನು ತಿದ್ದುವ ಅಧಿಕಾರವೇ ಇರಲಿಲ್ಲ. ಒಟ್ಟಾಗಿ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಸೆಪ್ಟೆಂಬರ್‌ನಲ್ಲಿ ಅವರ ಪರ ತೀರ್ಪಿತ್ತಿತು. ಆದರೆ ಉದಾರವಾಗಿ ಕೊಟ್ಟ ಪಿಯು ಅಂಕವನ್ನು ಹಾಗೇ ಸೇರಿಸಿದರೆ 2022ರಲ್ಲಿ ಪಿಯು ಪರೀಕ್ಷೆ ಬರೆದು ಪಾಸಾದವರಿಗೆ ಅನ್ಯಾಯ. ಸರ್ಕಾರ ಮೇಲ್ಮನವಿ ಹೋಗಿ, ವಿಭಾಗೀಯ ಪೀಠದ ಮುಂದೆ ಎರಡೂ ಕಡೆಯವರನ್ನು ಸರಿತೂಗಿಸುವ ಸೂತ್ರವೊಂದು ಒಪ್ಪಿಗೆಯಾಗಿ ರ‍್ಯಾಂಕ್ ಪಟ್ಟಿ ಬದಲಾಯಿತು. ಪುನರಾವರ್ತಿತರಿಗೆ ಕೇಳಿದ್ದೆಲ್ಲ ಸಿಗಲಿಲ್ಲ. ಸಿಕ್ಕಿದ್ದು ಮೊದಲಿಗಿಂತ ಎಷ್ಟೋ ಮೇಲು.

ಹೈಕೋರ್ಟ್ ಎಂದರೆ ಬೆಂಗಳೂರೇ ಆಗಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. 226ನೇ ವಿಧಿಯಡಿ ರಿಟ್ ಅರ್ಜಿ ಹಾಕುವಾಗ ‘ವಿಚಾರಣೆ ಮುಗಿಯುವವರೆಗೆ ಒಂದು ಸೀಟು ಖಾಲಿ ಇರಿಸಿ’ ಎಂಬ ಮಧ್ಯಂತರ ಕೋರಿಕೆ ಮರೆಯಬಾರದು, ಮುಖ್ಯ ತೀರ್ಪಿಗಿಂತ ಕೆಲವೊಮ್ಮೆ ಇದೇ ಮುಖ್ಯ. ನಿಮ್ಮ ಗೆಲುವಿನಿಂದ ಸೀಟು ಕಳೆದುಕೊಳ್ಳುವವರನ್ನು ಪ್ರತಿವಾದಿಯಾಗಿ ಸೇರಿಸದಿದ್ದರೆ ಅರ್ಜಿ ಅಲ್ಲೇ ಮುಗ್ಗರಿಸಬಹುದು. 18 ತುಂಬದವರ ಪರವಾಗಿ ತಂದೆ ತಾಯಿ ಹಾಕಬೇಕು. ದುಡ್ಡಿಲ್ಲವೆಂದು ಹಿಂಜರಿಯುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ನೋಡಬೇಕು: ಪರಿಶಿಷ್ಟರು, ಅಂಗವಿಕಲರು, ಮಕ್ಕಳು, ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ, ಇವರಿಗೆ ಆದಾಯದ ಮಿತಿಯೇ ಇಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ 2019ರ ಡಿಸೆಂಬರ್‌ನಲ್ಲಿ ಕೃಷ್ಣ ಶ್ರದ್ಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಂಬಿಬಿಎಸ್ ಪ್ರವೇಶಗಳಿಗೆ ಅಳತೆ ಹಾಕಿಕೊಟ್ಟಿದೆ. ಅಭ್ಯರ್ಥಿಯದು ಎಳ್ಳಷ್ಟೂ ತಪ್ಪಿರಬಾರದು, ಕೂಡಲೇ ನ್ಯಾಯಾಲಯಕ್ಕೆ ಬಂದಿರಬೇಕು, ಅಧಿಕಾರಿಗಳ ಕಡೆ ನಿಯಮಭಂಗ ಇರಬೇಕು. ಹಾಗಿದ್ದರೆ ಕೊನೆಯ ದಿನಾಂಕ ದಾಟಿದ ಒಂದು ತಿಂಗಳೊಳಗೂ ಅದೇ ವರ್ಷ ಸೀಟು ಕೊಡಿಸಬಹುದು, ಅಪರೂಪಕ್ಕೆ ಮುಂದಿನ ವರ್ಷದ ಸೀಟನ್ನೂ ಕೊಡಿಸಬಹುದು. ಬರೀ ಪರಿಹಾರಧನ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಈ ಓಡಾಟದ ನಡುವೆ ಕೈಗೆ ಸಿಕ್ಕ ಇನ್ನೊಂದು ಸೀಟನ್ನು ಬಿಡಬೇಡಿ. ಸಿಇಟಿಯಲ್ಲಿ ಎರಡನೇ ಆಯ್ಕೆ ಇರುವುದೇ ಅದಕ್ಕೆ, ಸಿಕ್ಕದ್ದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗಬಹುದು. ಮನವಿ ಕೊಟ್ಟಿದ್ದೇನೆಂಬ ಧೈರ್ಯದಲ್ಲಿ ಪ್ರಕ್ರಿಯೆಯಿಂದಲೇ ಹೊರಹೋಗುವ ನಾಲ್ಕನೇ ಆಯ್ಕೆಯನ್ನು ಒತ್ತಿಬಿಟ್ಟರೆ ಮತ್ತೆ ಒಳಬರುವುದು ಕಷ್ಟ. ವಿಶ್ವವಿದ್ಯಾಲಯಗಳಲ್ಲಿ ಸೇರಿ ಬಿಟ್ಟರೆ ಶುಲ್ಕ ವಾಪಸಿಗೆ ಯುಜಿಸಿ ಪ್ರತಿ ವರ್ಷ ದಿನಾಂಕ ಹೇಳುತ್ತದೆ. 2024ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಹಣ, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ ಎಂದಿತ್ತು.

ವಿದೇಶಕ್ಕೆ ಅರ್ಜಿ ಹಾಕಿದ ನಮ್ಮ ಮಕ್ಕಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಮೇಲ್ಮನವಿ ತೆಗೆದುಕೊಳ್ಳುತ್ತವೆ, ಮೊದಲ ಅರ್ಜಿಯಲ್ಲಿ ಇರದಿದ್ದ ಹೊಸ, ತೂಕದ ಸಂಗತಿ ಇದ್ದರೆ ಮಾತ್ರ. ಬ್ರಿಟನ್ನಿನಲ್ಲಿ ಅಧ್ಯಾಪಕರ ಶೈಕ್ಷಣಿಕ ತೀರ್ಮಾನವನ್ನು ಪ್ರಶ್ನಿಸುವಂತಿಲ್ಲ, ಪ್ರಕ್ರಿಯೆಯನ್ನು ಪ್ರಶ್ನಿಸಬಹುದು. ಅಲ್ಲಿನ ಉನ್ನತ ಶಿಕ್ಷಣದ ಸ್ವತಂತ್ರ ತೀರ್ಪುಗಾರ ಕಚೇರಿ ಪ್ರವೇಶದ ದೂರುಗಳನ್ನು ಮುಟ್ಟುವುದಿಲ್ಲವಾದ್ದರಿಂದ ವಿಶ್ವವಿದ್ಯಾಲಯದೊಳಗಿನ ದೂರೇ ಹೆಚ್ಚುಕಡಿಮೆ ಕೊನೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ನಿರಾಕರಣೆ ಪತ್ರ ಕಾನೂನಿನ ದೃಷ್ಟಿಯಲ್ಲಿ ಸರ್ಕಾರಿ ಆದೇಶ. ಆಕ್ಷೇಪಣೆಯನ್ನು ಎಲ್ಲಿಗೆ, ಎಷ್ಟು ದಿನದಲ್ಲಿ ಸಲ್ಲಿಸಬೇಕೆಂದು ಪತ್ರದ ಕೊನೆಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು, ಆ ಸೂಚನೆಯನ್ನೇ ಬಿಟ್ಟಿದ್ದರೆ ಒಂದು ವರ್ಷ. ಕೆಲವು ರಾಜ್ಯಗಳಲ್ಲಿ ಆಕ್ಷೇಪಣೆಯ ಹಂತವೇ ಇಲ್ಲ, ನೇರ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಪತ್ರದ ಆ ಕೊನೆಯ ಪ್ಯಾರಾವನ್ನು ಅನುವಾದ ಮಾಡಿಸಿಕೊಂಡು ಓದಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.